ಮುಟ್ಟು ನಿಲ್ಲುವ ಹೊತ್ತಿನ ಬಿಸಿಝಳ, ನಿದ್ದೆಗೇಡು: ಅಶ್ವಗಂಧ, ಶತಾವರಿ ಕೊಡಬಹುದೇ?

ಡೊಂಬಿವಲಿ ಪೂರ್ವ:
ಅಕ್ಕನಿಗೆ 48 ವರ್ಷ, ಮುಟ್ಟು ನಿಂತು ಏಳು ತಿಂಗಳು. ರಾತ್ರಿ ಮೂರ್ನಾಲ್ಕು ಸಲ ಎದೆಯಿಂದ ಮುಖದವರೆಗೆ ಬಿಸಿಯೇರಿ, ದಿಂಬು ತೊಯ್ಯುವಷ್ಟು ಬೆವರಿ ಎಚ್ಚರವಾಗುತ್ತದೆ. ಥೈರಾಯ್ಡ್‌ಗೆ 50 ಮೈಕ್ರೋಗ್ರಾಂ ಮಾತ್ರೆ ಇದೆ, ಸಕ್ಕರೆ ಅಂಚಿನಲ್ಲಿದೆ. ಬಿಲ್ಡಿಂಗಿನವರೆಲ್ಲ ಶತಾವರಿ ಕಲ್ಪ, ಅಶ್ವಗಂಧ ಅನ್ನುತ್ತಾರೆ. ಯಾವುದು ಕೊಡಲಿ, ಎಷ್ಟು?

ತುಂಬೆಹೂ, ಪುಣೆ:
ಡಾಕ್ಟರನ್ನು ಕೇಳದೆ ಅಶ್ವಗಂಧ ಬೇಡವೇ ಬೇಡ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಆ ಹಾರ್ಮೋನ್ ಹೆಚ್ಚಾದರೂ ಇದೇ ಪಾಡು: ಬೆವರು, ಎದೆ ಡವಡವ, ನಿದ್ದೆಯಿಲ್ಲ. ಆಗ ಗುಣವಾಗಲಿಲ್ಲ ಅಂತ ಪುಡಿಯನ್ನೇ ಇನ್ನರ್ಧ ಚಮಚ ಹೆಚ್ಚಿಸುತ್ತಾರೆ. ಈಗಿನ ಮಾತ್ರೆಯ ಡೋಸೇ ಜಾಸ್ತಿಯಾಗಿದ್ದರೂ ಹೀಗಾಗುತ್ತದೆ, ಆದ್ದರಿಂದ ಮೊದಲು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಮಾಡಿಸಿ.

ಥೈರಾಯ್ಡ್ ತೊಂದರೆ ಇಲ್ಲದವರಿಗೂ ಒಂದು ಮಾತು. ಅಧ್ಯಯನಗಳಲ್ಲಿ ಹೆಚ್ಚಾಗಿ ಕೊಡುವುದು ಬೇರಿನ ಎಕ್ಸ್‌ಟ್ರ್ಯಾಕ್ಟ್, 300 ಮಿಲಿಗ್ರಾಂ, ದಿನಕ್ಕೆರಡು ಸಲ. ಕಾಷ್ಠೌಷಧಿ ಅಂಗಡಿಯ ಪುಡಿ ಬೇರೆ, ಎರಡರ ಅಳತೆ ಒಂದಲ್ಲ. ಮೂತ್ರ ಕಡು ಹಳದಿಯಾದರೆ, ಮೈ ತುರಿಸಿದರೆ ತಕ್ಷಣ ನಿಲ್ಲಿಸಬೇಕು. ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ.

ಶತಾವರಿ ಕಲ್ಪದ ಡಬ್ಬಿ ತಿರುಗಿಸಿ ಓದಿ: ಬಹುಪಾಲು ಸಕ್ಕರೆಯೇ. ಸ್ತನ ಕ್ಯಾನ್ಸರ್ ಆಗಿದ್ದವರು ಶತಾವರಿಯಿಂದ ದೂರವಿರುವುದು ಲೇಸು.

ಮಾಟುಂಗಾ ಅಡುಗೆಮನೆ:
ಏನಾದರೂ ಪ್ರಯತ್ನಿಸಲೇಬೇಕೆಂದರೆ ಸೋಯಾಕಾಳು. 30 ಗ್ರಾಂ ಒಣಕಾಳು ರಾತ್ರಿ ನೆನೆಹಾಕಿ, ನೀರು ಚೆಲ್ಲಿ, ಸಿಪ್ಪೆ ತೆಗೆದು, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಕುಕ್ಕರ್ ಮೂರನೇ ಒಂದು ಭಾಗಕ್ಕಿಂತ ತುಂಬಬೇಡಿ. ನೊರೆಯ ಜೊತೆ ತೇಲುವ ಅಳಿದುಳಿದ ಸಿಪ್ಪೆ ಸೀಟಿಯ ತೂತು ಮುಚ್ಚಿಬಿಡುತ್ತದೆ. ಅರೆಬೆಂದರೆ ಹೊಟ್ಟೆ ಉಬ್ಬರಿಸುತ್ತದೆ. ಪಲ್ಯಕ್ಕೋ ಉಸಳಿಗೋ ಹಾಕಿ. ಹತ್ತಿರಹತ್ತಿರ 40 ಮಿಲಿಗ್ರಾಂ ಐಸೋಫ್ಲೇವೋನ್ (ಹೆಣ್ಣು ಹಾರ್ಮೋನನ್ನು ಹೋಲುವ ಸೋಯಾದ ಅಂಶ) ಸಿಗುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಮಾತ್ರೆ ಮೈಗೆ ಹತ್ತದು.

ತುಂಬೆಹೂ, ಪುಣೆ:
ಸೋಯಾ ಊಟವಾಗಿ ಒಳ್ಳೆಯದೇ, ಮದ್ದೆಂದು ಭರವಸೆ ಇಡಬೇಡಿ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಸೋಯಾ, ಬ್ಲ್ಯಾಕ್ ಕೋಹೋಶ್ ಎಂಬ ಗಿಡಮೂಲಿಕೆ ಎರಡನ್ನೂ ಬಿಸಿಝಳಕ್ಕೆ ಶಿಫಾರಸು ಮಾಡಲಿಲ್ಲ. ಆಲೋಚನೆ, ಅಭ್ಯಾಸ ತಿದ್ದುವ ಸಿಬಿಟಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಏನೇ ಪ್ರಯತ್ನಿಸಿದರೂ ಮೂರು ತಿಂಗಳು ನೋಡಿ. ಕ್ಯಾಲೆಂಡರಿನಲ್ಲಿ ರಾತ್ರಿಗೆ ಎಷ್ಟು ಸಲ ಬಂತೆಂದು ಗೀಟು ಹಾಕಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಮಡಗಾಂವ್:
ಕರಾವಳಿಯ ಹವೆಯಲ್ಲಿ ಬೆವರು ಆರುವುದಿಲ್ಲ, ಅದಕ್ಕೇ ಬಿಸಿ ಇಳಿಯುವುದು ತಡ. ತೆಳು ಹತ್ತಿಯ ರವಿಕೆ, ಫ್ಯಾನ್ ಗಾಳಿ ಕಾಲಕಡೆಯಿಂದ, ಪಕ್ಕದಲ್ಲಿ ಒದ್ದೆ ಬಟ್ಟೆ, ಇನ್ನೊಂದು ದಿಂಬಿನ ಕವರ್. ಸಂಜೆಯ ಚಹಾ ನಾಲ್ಕಕ್ಕೇ ಮುಗಿಯಲಿ. ಹಸಿಮೆಣಸು ಅರೆದ ಸೋಲ್‌ಕಢಿ (ಕೋಕಂ, ತೆಂಗಿನಹಾಲಿನ ಪಾನೀಯ) ರಾತ್ರಿ ಬೇಡ, ಮಧ್ಯಾಹ್ನ ಕುಡಿಯಲಿ. ನಿದ್ದೆಗೆಂದು ಹಾಲಿಗೆ ಜಾಯಿಕಾಯಿ ತೇಯ್ದು ಕೊಡುವವರಿದ್ದಾರೆ. ಕಲ್ಲಿನ ಮೇಲೆ ಎರಡು ಸುತ್ತು ಸಾಕು. ಚಮಚದ ಲೆಕ್ಕಕ್ಕೆ ಹೋದರೆ ವಾಂತಿ, ಭ್ರಮೆ, ಎದೆಬಡಿತ.

ಡೊಂಬಿವಲಿ ಪೂರ್ವ:
ಜ್ಯೇಷ್ಠಮಧು ಕಷಾಯ? ಅಕ್ಕನಿಗೆ ಬಿಪಿಯೂ ಇದೆ.

ತುಂಬೆಹೂ, ಪುಣೆ:
ಬೇಡ. ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ನಿದ್ದೆಯಿಲ್ಲದೆ ಹಗಲಿನ ಕೆಲಸ ಕೆಡುತ್ತಿದ್ದರೆ ಸ್ತ್ರೀರೋಗ ತಜ್ಞರ ಬಳಿ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿ, ಬಿಸಿಝಳಕ್ಕೆ ಅದರಷ್ಟು ಕೆಲಸ ಮಾಡುವುದು ಬೇರೊಂದಿಲ್ಲ. ತಿನ್ನುವ ಪುಡಿ, ಮಾತ್ರೆಗಳೆಲ್ಲ ಚೀಲದಲ್ಲಿ ಜೊತೆಗಿರಲಿ. ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಕಷಾಯಕ್ಕೆ ಕಾಯದೆ ಅದೇ ವಾರ ತೋರಿಸಿ.