ಕಿಲ್ಲಿಫಿಶ್ ಮರಿಗಳು ಉಳಿಯುತ್ತಿಲ್ಲ, ಸಹಾಯ ಬೇಕು

ನಮಸ್ಕಾರ. ನಮ್ಮ ಗಾರ್ಡ್ನೆರಿ ಕಿಲ್ಲಿಫಿಶ್ (ಅಕ್ವೇರಿಯಂನಲ್ಲಿ ಸಾಕುವ ಒಂದು ಪುಟ್ಟ ಮೀನು) ಜೋಡಿ ಉಣ್ಣೆ ನೂಲಿನ ಗೊಂಚಲಿನಲ್ಲಿ ಇಟ್ಟ ಮೊಟ್ಟೆಗಳನ್ನು ಬೇರೆ ಡಬ್ಬಿಗೆ ಹಾಕಿದ್ದೆ. ಹದಿನೆಂಟನೆಯ ದಿನ 22 ಮರಿಗಳು ಹೊರಬಂದವು. ಆ ಸಂತೋಷ ಹೇಳತೀರದು! ಆದರೆ ಐದನೆಯ ದಿನದಿಂದ ದಿನಕ್ಕೆ ಮೂರು ನಾಲ್ಕು ಸಾಯುತ್ತಿವೆ. ಈಗ ಒಂಬತ್ತೇ ಉಳಿದಿವೆ.

ಮೂರು ಲೀಟರ್ ನೀರು, 24 ಡಿಗ್ರಿ, ಜಾವಾ ಮಾಸ್ ಎಂಬ ನೀರಿನ ಪಾಚಿಗಿಡ ಇದೆ, ಫಿಲ್ಟರ್ ಇಲ್ಲ. ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾವನ್ನು (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ದಿನಕ್ಕೆರಡು ಬಾರಿ ಹಾಕುತ್ತೇನೆ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅಂದರೆ ತಿನ್ನುತ್ತಿವೆ. ಉಳಿದ ಆರ್ಟೀಮಿಯಾ ಸಿಹಿನೀರಿನಲ್ಲಿ ಸತ್ತು ತಳದಲ್ಲಿ ಕೊಳೆಯುತ್ತದೆ. ನೀರು ಬದಲಿಸಿದರೆ ಎಳೆಯ ಮರಿಗಳಿಗೆ ಆಘಾತವಾದೀತು, ಬದಲಿಸದಿದ್ದರೆ ವಿಷಕಾರಿ ಅಮೋನಿಯಾ ಏರೀತು. ಇಲ್ಲಿಯೇ ಸಿಕ್ಕಿಕೊಂಡಿದ್ದೇನೆ.

ಕಿಲ್ಲಿಫಿಶ್ ಬೆಳೆಸಿದವರು ದಯವಿಟ್ಟು ತಿಳಿಸಿ: ಈ ವಯಸ್ಸಿನ ಮರಿಗಳಿಗೆ ದಿನಕ್ಕೆ ಎಷ್ಟು ಭಾಗ ನೀರು ಬದಲಿಸುವುದು ಸುರಕ್ಷಿತ?