ಕುರಿಯ ಹೃದಯ: ಮಹಾಪಧಮನಿಗೆ ಸುರಿದ ನೀರು ನಿಲ್ಲುತ್ತಿಲ್ಲ, ಬಲ ಶ್ವಾಸಕೋಶದ ಒಂದು ಹಾಲೆ ಉಬ್ಬುತ್ತಿಲ್ಲ

ಜೀವಶಾಸ್ತ್ರ_ಮೇಜು:
ಮನುಷ್ಯರ ಹೃದಯ-ಶ್ವಾಸಕೋಶದ ಪಾಠಕ್ಕೆ ಕುರಿಯದ್ದನ್ನು ಮಾದರಿಯಾಗಿ ಬಳಸುತ್ತಿದ್ದೇವೆ. ಹೃದಯ, ಎರಡೂ ಶ್ವಾಸಕೋಶ, ಶ್ವಾಸನಾಳ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ತಾಜಾ ಮಾದರಿ, ಫ್ರೀಜರ್‌ಗೆ ಹೋಗಿಲ್ಲ, ಫಾರ್ಮಲಿನ್ ಮುಟ್ಟಿಲ್ಲ.

ಒಂದನೇ ತೊಂದರೆ: ಮಹಾಪಧಮನಿಗೆ ನೀರು ಸುರಿದರೆ ಅದರ ಬುಡದ ಅರ್ಧಚಂದ್ರ ಕವಾಟ ಮುಚ್ಚಿಕೊಂಡು ನೀರು ನಿಲ್ಲಬೇಕಲ್ಲ? ಅರ್ಧ ನಿಮಿಷದೊಳಗೆ ಇಳಿದುಹೋಗುತ್ತದೆ.

ಎರಡನೇದು: ಶ್ವಾಸನಾಳಕ್ಕೆ ಟ್ಯೂಬ್ ತೂರಿಸಿ, ದಾರ ಬಿಗಿದು, ಕಾಲುಪಂಪಿನಿಂದ ಗಾಳಿ ಕೊಟ್ಟರೆ ಬಲಭಾಗದ ಮುಂದಿನ ಹಾಲೆ ಚಪ್ಪಟೆಯಾಗೇ ಉಳಿಯುತ್ತದೆ. ಉಳಿದದ್ದು ಉಬ್ಬುತ್ತದೆ, ಆದರೆ ಪಂಪು ನಿಲ್ಲಿಸಿದ ಕೂಡಲೇ ಕುಸಿಯುತ್ತದೆ.

ಕವಾಟ_ಪರೀಕ್ಷಕ:
ಮೊದಲು ನೀವು ನೀರು ಸುರಿಯುತ್ತಿರುವುದು ಮಹಾಪಧಮನಿಗೇ ಎಂದು ಖಾತ್ರಿ ಮಾಡಿಕೊಳ್ಳಿ. ಹೃದಯದ ಮುಂಭಾಗದಲ್ಲಿ ಎದ್ದು ಕಾಣುವ ನಾಳ ಪುಪ್ಪುಸ ಅಪಧಮನಿ; ಮಹಾಪಧಮನಿ ಅದರ ಹಿಂದೆ ಅಡಗಿರುತ್ತದೆ, ಗೋಡೆ ಹೆಚ್ಚು ದಪ್ಪ, ಕತ್ತರಿಸಿದರೂ ಬಾಯಿ ದುಂಡಗೇ ನಿಲ್ಲುತ್ತದೆ. ಹೊರಗಿನಿಂದ ಎರಡೂ ಹೃತ್ಕುಕ್ಷಿಗಳನ್ನು (ಹೃದಯದ ಕೆಳಗಿನ ಕೋಣೆಗಳನ್ನು) ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿರುವುದು ಎಡ, ಬಗ್ಗುವುದು ಬಲ. ತುದಿಯ ಚೂಪು ಭಾಗ ಎಡ ಹೃತ್ಕುಕ್ಷಿಯದೇ. ನಾಳದ ಬಾಯಿಯಿಂದ ಮೊಂಡು ಕಡ್ಡಿ ಇಳಿಸಿದಾಗ ಅದರ ತುದಿ ಗಟ್ಟಿ ಭಾಗದೊಳಗೆ ಸಿಕ್ಕಿದರೆ ಅದು ಮಹಾಪಧಮನಿ.

ಇನ್ನು ಸೋರಿಕೆ. ನೀರು ಎಷ್ಟು ಬೇಗ ಇಳಿಯುತ್ತದೆ ಎನ್ನುವುದೇ ಅರ್ಧ ಉತ್ತರ. ಸುರಿದ ತಕ್ಷಣ ದಬದಬ ಇಳಿದರೆ ಕವಾಟ ಹರಿದಿದೆ, ಅಥವಾ ದಳಗಳ ನಡುವೆ ರಕ್ತದ ಗೆಡ್ಡೆ ಸಿಕ್ಕಿಕೊಂಡಿದೆ, ಅಥವಾ ಮಹಾಪಧಮನಿಯನ್ನು ತೀರಾ ಕೆಳಗೆ ಕತ್ತರಿಸಿದ್ದಾರೆ. ದಳಗಳ ಮೂಲೆಗಳು ನೇತುಕೊಂಡಿರುವುದು ನಾಳದ ಗೋಡೆಗೆ. ಆ ಗೋಡೆ ಹೋದರೆ ದಳಗಳಿಗೆ ಆಸರೆಯಿಲ್ಲ. ಕವಾಟದ ಮೇಲೆ 3 ಸೆಂ.ಮೀ. ನಾಳವಾದರೂ ಉಳಿದಿರಬೇಕು.

ನಿಮ್ಮದು ಅರ್ಧ ನಿಮಿಷ ಹಿಡಿಯುತ್ತಿದೆ. ನನ್ನ ಅನುಮಾನ ಕವಾಟದ ಮೇಲಲ್ಲ, ಕೊರೊನರಿ ಅಪಧಮನಿಗಳ ಮೇಲೆ. ಮೂರು ದಳಗಳ ಹಿಂದೆ ಒಂದೊಂದು ಉಬ್ಬು ಜೇಬು ಇರುತ್ತದೆ. ಅದರಲ್ಲಿ ಎರಡು ಜೇಬುಗಳಿಂದ ಹೃದಯದ ಸ್ವಂತ ರಕ್ತನಾಳಗಳು ಹೊರಡುತ್ತವೆ. ಮೇಲ್ಮೈಯಲ್ಲಿ ಕೊಬ್ಬು ಕೆರೆಯುವಾಗ ಅವುಗಳ ಒಂದು ಕೊಂಬೆ ತುಂಡಾಗಿದ್ದರೂ ನೀರು ಅಲ್ಲಿಂದ ಹೊರಗೆ ಹರಿಯುತ್ತದೆ.

ಪರೀಕ್ಷೆ ಸುಲಭ. ಹೃದಯದ ಹೊರಮೈಯನ್ನು ಟಿಶ್ಯೂ ಪೇಪರಿನಿಂದ ಪೂರ್ತಿ ಒರೆಸಿ, ಒಂದೆರಡು ಹನಿ ಬಣ್ಣ ಬೆರೆಸಿದ ನೀರು ಸುರಿಯಿರಿ. ಬಣ್ಣ ಹೊರಮೈಯಲ್ಲಿ ಕಂಡರೆ ಕೊರೊನರಿ, ಎಡ ಹೃತ್ಕುಕ್ಷಿಯ ಒಳಗೆ ಕಂಡರೆ ಕವಾಟ. ಕೊರೊನರಿ ಆಗಿದ್ದರೆ ಜೇಬುಗಳೊಳಗಿನ ಎರಡು ರಂಧ್ರ ಹುಡುಕಿ, ಬಟಾಣಿಗಿಂತ ಚಿಕ್ಕ ಹತ್ತಿಯುಂಡೆಯನ್ನು ವ್ಯಾಸಲೀನ್‌ನಲ್ಲಿ ಅದ್ದಿ ಚಿಮಟಿಯಿಂದ ತುರುಕಿ. ದಳಕ್ಕೆ ಚಿಮಟಿ ತಾಗಬಾರದು.

ದ್ರವಬಲ:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಬಟ್ಟಲಿನಿಂದ ಸುರಿದರೆ ಕವಾಟದ ಮೇಲೆ ನಿಲ್ಲುವುದು 5-6 ಸೆಂ.ಮೀ. ನೀರು. ಜೀವಂತ ಮನುಷ್ಯನಲ್ಲಿ ಹೃದಯ ಸಡಿಲಗೊಂಡಾಗಲೂ ಮಹಾಪಧಮನಿಯ ಒತ್ತಡ ಸುಮಾರು 80 ಮಿ.ಮೀ. ಪಾದರಸ, ಅಂದರೆ 109 ಸೆಂ.ಮೀ. ಎತ್ತರದ ನೀರು. ಬಟ್ಟಲಿನ ನೀರಿನಷ್ಟು ಕಡಿಮೆ ಒತ್ತಡದಲ್ಲಿ ದಳಗಳ ಅಂಚು ಒಂದಕ್ಕೊಂದು ಸರಿಯಾಗಿ ಒತ್ತಿಕೊಳ್ಳದೆ ಸ್ವಲ್ಪ ಜಿನುಗುವುದು ದೋಷವಲ್ಲ. ಮಹಾಪಧಮನಿಗೆ 40 ಸೆಂ.ಮೀ. ಪಾರದರ್ಶಕ ಕೊಳವೆ ಕಟ್ಟಿ ನೆಟ್ಟಗೆ ಹಿಡಿದು ತುಂಬಿಸಿ. ಒತ್ತಡ ಏರಿದಷ್ಟೂ ಕವಾಟ ಬಿಗಿಯಾಗುತ್ತದೆ.

ಕೊರೊನರಿಗೆ ನೀರು ಹೋಗುವುದನ್ನು ಮಕ್ಕಳಿಗೆ ತೋರಿಸಿಯೇ ತೋರಿಸಿ, ಮುಚ್ಚಿ ಹಾಕಬೇಡಿ. ಎಡ ಹೃತ್ಕುಕ್ಷಿ ಹಿಂಡಿಕೊಂಡಾಗ ಅದರ ಗೋಡೆಯೊಳಗಿನ ನಾಳಗಳೂ ಅಮುಕಿಹೋಗುವುದರಿಂದ, ಆ ಗೋಡೆಗೆ ರಕ್ತ ಹೆಚ್ಚಾಗಿ ಸಿಗುವುದು ಕವಾಟ ಮುಚ್ಚಿರುವ ಹೊತ್ತಿನಲ್ಲಿ. ನಿಮ್ಮ ಸೋರುವ ಮಾದರಿ ಅದನ್ನೇ ತೋರಿಸುತ್ತಿದೆ. ಹೃದಯಬಡಿತ ತುಂಬ ಹೆಚ್ಚಿದಾಗ ಸ್ನಾಯುವಿಗೆ ರಕ್ತ ಸಾಲದಾಗುವುದಕ್ಕೂ ಇದು ಒಂದು ಕಾರಣ: ಬಡಿತ ಏರಿದಂತೆ ಹೆಚ್ಚು ಕತ್ತರಿಸಿಹೋಗುವುದು ಸಡಿಲಗೊಳ್ಳುವ ಅವಧಿಯೇ.

ಗಾಳಿಗೂಡು:
ಶ್ವಾಸಕೋಶದ ತೊಂದರೆಗೆ: ಟ್ಯೂಬ್ ಎಷ್ಟು ಒಳಗೆ ಹೋಗಿದೆ? ಕುರಿಯಲ್ಲಿ ಬಲ ಮುಂದಿನ ಹಾಲೆಯ ಬ್ರಾಂಕಸ್ (ಗಾಳಿ ಒಯ್ಯುವ ಕವಲು ಕೊಳವೆ), ಶ್ವಾಸನಾಳ ಎರಡಾಗಿ ಕವಲೊಡೆಯುವ ಮೊದಲೇ ನೇರವಾಗಿ ಶ್ವಾಸನಾಳದಿಂದ ಹೊರಡುತ್ತದೆ. ಟ್ಯೂಬ್ ಅದನ್ನು ದಾಟಿದರೆ, ಟ್ಯೂಬಿನ ಪಕ್ಕವೇ ಆ ರಂಧ್ರಕ್ಕೆ ಬಿರಡೆ. ಉಳಿದ ಹಾಲೆಗಳೆಲ್ಲ ಉಬ್ಬುತ್ತವೆ, ಅದೊಂದು ಉಬ್ಬುವುದಿಲ್ಲ. ನೀವು ಬರೆದ ಲಕ್ಷಣ ತದ್ವತ್ ಇದೇ. ಶ್ವಾಸನಾಳವನ್ನು ಹೊರಗಿನಿಂದ ಸವರುತ್ತಾ ಆ ಕವಲು ಎಲ್ಲಿದೆ ಎಂದು ಗುರುತಿಸಿ, ಟ್ಯೂಬಿನ ತುದಿ ಅದಕ್ಕಿಂತ ಕನಿಷ್ಠ 2 ಸೆಂ.ಮೀ. ಮೇಲೆ ನಿಲ್ಲುವಂತೆ ಎಳೆದು ಮತ್ತೆ ಕಟ್ಟಿ. ಕವಲಿಗಿಂತ ಕೆಳಗೇ ಶ್ವಾಸನಾಳ ತುಂಡಾಗಿದ್ದರೆ ಆ ಹಾಲೆಗೆ ಬೇರೆಯೇ ಸಣ್ಣ ಟ್ಯೂಬ್ ಬೇಕು.

ಮನುಷ್ಯರಲ್ಲಿ ಇಂಥ ಕವಲು ಅಪರೂಪ. ಅಲ್ಲಿ ಇದೇ ತಪ್ಪಿನ ಫಲ ಬೇರೆ: ಅರಿವಳಿಕೆ ಕೊಡುವಾಗ ಟ್ಯೂಬ್ ಹೆಚ್ಚು ಒಳಗೆ ಹೋದರೆ ಅದು ಸಾಮಾನ್ಯವಾಗಿ ಬಲ ಬ್ರಾಂಕಸ್‌ಗೆ ಇಳಿಯುತ್ತದೆ. ಬಲದ್ದು ಎಡದ್ದಕ್ಕಿಂತ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಆಗ ಗಾಳಿ ಸಿಗದೆ ಉಳಿಯುವುದು ಎಡ ಶ್ವಾಸಕೋಶ.

ಪಂಪು ನಿಲ್ಲಿಸಿದಾಗ ಕುಸಿಯುವುದು ಸಹಜ. ಶ್ವಾಸಕೋಶದಲ್ಲಿ ಸ್ನಾಯುವಿನ ಬಲವಿಲ್ಲ, ಇರುವುದು ಹಿಂದಕ್ಕೆ ಸೆಳೆಯುವ ಸ್ಥಿತಿಸ್ಥಾಪಕತೆ. ಎದೆಗೂಡಿನಲ್ಲಿ ಅದನ್ನು ಹಿಗ್ಗಿಸಿ ಹಿಡಿದಿರುವುದು ಸುತ್ತಲಿನ ಪೊರೆಗಳ ನಡುವಿನ ಋಣ ಒತ್ತಡ, ವಿಶ್ರಾಂತಿಯಲ್ಲಿ ಸುಮಾರು −5 ಸೆಂ.ಮೀ. ನೀರು. ನಿಮ್ಮ ಮೇಜಿನ ಮೇಲೆ ಆ ಒತ್ತಡವಿಲ್ಲ. ಆದರೆ ಟ್ಯೂಬನ್ನು ಕ್ಲಿಪ್ ಹಾಕಿ ಮುಚ್ಚಿದ ಮೇಲೂ ಕುಸಿದರೆ ತೂತಿದೆ. ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ, ಆ ಜಾಗವನ್ನು ಚಿವುಟಿ ಹಿಡಿದು ದಾರ ಕಟ್ಟಿ. ಮಾಂಸ ತಪಾಸಣೆಯ ಚಾಕು ಗೀರುಗಳು ಹೆಚ್ಚಾಗಿ ಇಂಥ ತೂತಿಗೆ ಕಾರಣ, ಹೃದಯದ ಮೇಲೂ ಹುಡುಕಿ.

ಒತ್ತಡದ ವಿಷಯದಲ್ಲಿ ಎಚ್ಚರ. ಪೂರ್ತಿ ಉಬ್ಬಲು 20-30 ಸೆಂ.ಮೀ. ನೀರಿನ ಒತ್ತಡ ಸಾಕು, ಅಂದರೆ ಅರ್ಧ ಪಿಎಸ್‌ಐ ಕೂಡ ಅಲ್ಲ. ಪಂಪಿನ ಮೀಟರ್ ಇಷ್ಟು ಕಡಿಮೆ ಒತ್ತಡದಲ್ಲಿ ಅಲುಗುವುದೂ ಇಲ್ಲ. ಪಂಪು ಮತ್ತು ಶ್ವಾಸನಾಳದ ನಡುವೆ ಟಿ-ಜಾಯಿಂಟ್ ಹಾಕಿ, ಅದರ ಮೂರನೇ ಕೊಳವೆಯ ತುದಿಯನ್ನು ಬಕೆಟ್ಟಿನ ನೀರಿನಲ್ಲಿ 30 ಸೆಂ.ಮೀ. ಆಳಕ್ಕೆ ಇಳಿಸಿ. ಅದಕ್ಕಿಂತ ಒತ್ತಡ ಏರಿದರೆ ಗಾಳಿ ತಾನೇ ಗುಳ್ಳೆಯಾಗಿ ಹೊರಹೋಗುತ್ತದೆ. ಬಾಯಿಯಿಂದ ಊದುವುದು ಬೇಡವೇ ಬೇಡ. ಕುಸಿಯುವಾಗ ಒಳಗಿನ ಹನಿ ನೇರ ನಿಮ್ಮ ಬಾಯಿಗೇ ಬರುತ್ತದೆ. ಉಬ್ಬಿಸುವಾಗ ಶ್ವಾಸಕೋಶವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಡಿ.

ಜೀವಶಾಸ್ತ್ರ_ಮೇಜು:
ಟ್ಯೂಬ್ ನಿಜಕ್ಕೂ ಕವಲನ್ನು ದಾಟಿತ್ತು. ಎಳೆದು ಕಟ್ಟಿದ ಮೇಲೆ ಹಾಲೆ ಉಬ್ಬಿತು, ಆದರೆ ತೇಪೆತೇಪೆಯಾಗಿ. ಬಣ್ಣದ ನೀರು ಹೃದಯದ ಹೊರಮೈಯಲ್ಲೇ ಬಂತು. ಹತ್ತಿ ತುರುಕಿದ ಮೇಲೆ 40 ಸೆಂ.ಮೀ. ಕೊಳವೆಯಲ್ಲಿ ನೀರು ನಿಂತಿದೆ. ಈಗ ಎಡ ಹೃತ್ಕರ್ಣ (ಮೇಲಿನ ಕೋಣೆ) ಮತ್ತು ಎಡ ಹೃತ್ಕುಕ್ಷಿಯ ನಡುವಿನ ದ್ವಿದಳ ಕವಾಟ ನೋಡಬೇಕು. ಎಡ ಹೃತ್ಕುಕ್ಷಿ ತುಂಬಿಸಿ ಹಿಂಡಿದರೆ ನೀರು ಹೃತ್ಕರ್ಣಕ್ಕೆ ಚಿಮ್ಮುತ್ತದೆ. ದಳಗಳಿಗೆ ಅಂಟಿದ ದಾರದಂಥ ಎಳೆಗಳು ಕವಾಟವನ್ನು ಎಳೆದು ಮುಚ್ಚುತ್ತಿಲ್ಲವೇ?

ಕವಾಟ_ಪರೀಕ್ಷಕ:
ದಾರಗಳು ಎಳೆದು ಮುಚ್ಚುವುದಿಲ್ಲ. ಮುಚ್ಚುವುದು ರಕ್ತದ ಒತ್ತಡ. ದಳಗಳು ಹೃತ್ಕರ್ಣದ ಕಡೆಗೆ ಮಗುಚಿಕೊಳ್ಳದಂತೆ ತಡೆಯುವುದಷ್ಟೇ ದಾರಗಳ ಕೆಲಸ. ಹೃತ್ಕುಕ್ಷಿ ಕುಗ್ಗುವಾಗ ದಾರ ಸಡಿಲವಾಗದಿರಲೆಂದೇ ಅವುಗಳ ಬುಡದ ಪ್ಯಾಪಿಲರಿ ಸ್ನಾಯುಗಳೂ ಜೊತೆಗೆ ಕುಗ್ಗುತ್ತವೆ. ಸತ್ತ ಹೃದಯದಲ್ಲಿ ಅವು ಕುಗ್ಗುವುದಿಲ್ಲ, ಜೊತೆಗೆ ನೀವು ಕೈಯಿಂದ ಅಮುಕಿದಾಗ ಕವಾಟದ ಉಂಗುರವೇ ಸೊಟ್ಟಗಾಗುತ್ತದೆ. ಹಿಂಡಬೇಡಿ. ಕೊಳವೆಯನ್ನು ಮಹಾಪಧಮನಿ ಕವಾಟ ದಾಟಿಸಿ ಹೃತ್ಕುಕ್ಷಿಯೊಳಗೆ ಇಳಿಸಿ, ನಾಳದ ಸುತ್ತ ದಾರ ಬಿಗಿದು, ನಿಧಾನವಾಗಿ ನೀರು ತುಂಬಿಸಿ. ಹೃತ್ಕರ್ಣವನ್ನು ತೆರೆದಿಟ್ಟು ಮೇಲಿನಿಂದ ನೋಡಿದರೆ ಎರಡು ದಳ ಉಬ್ಬಿ ಒಂದಕ್ಕೊಂದು ಕೂಡುವುದು ಕಾಣುತ್ತದೆ.

ಇದೆಲ್ಲ ಮುಗಿದ ಮೇಲೆ ಕತ್ತರಿ ಹಿಡಿಯಿರಿ. ಎಡ ಹೃತ್ಕರ್ಣದಿಂದ ಶುರು ಮಾಡಿ, ಎರಡು ಪ್ಯಾಪಿಲರಿ ಸ್ನಾಯುಗಳ ನಡುವೆ, ಪಕ್ಕದ ಗೋಡೆಯಲ್ಲಿ ತುದಿಯವರೆಗೆ.

ಗಾಳಿಗೂಡು:
ತೇಪೆ ಉಳಿದ ಹಾಲೆಗೆ: ಗಾಳಿಗೂಡುಗಳು ಒಮ್ಮೆ ಅಂಟಿಕೊಂಡರೆ ಒಳಗಿನ ತೇವದ ಮೇಲ್ಮೈ ಸೆಳೆತ ದಾಟಿ ತೆರೆಯಲು ಹೆಚ್ಚು ಒತ್ತಡ ಬೇಕು, ತೆರೆದ ಮೇಲೆ ಹಾಗೇ ಇಟ್ಟುಕೊಳ್ಳಲು ಕಡಿಮೆ ಸಾಕು. ಪಟಪಟ ಪಂಪು ಮಾಡುವ ಬದಲು 30 ಸೆಂ.ಮೀ.ಗೆ ಏರಿಸಿ ಹತ್ತಿಪ್ಪತ್ತು ಸೆಕೆಂಡು ಹಿಡಿಯಿರಿ, ಬಿಡಿ, ಮತ್ತೆ ಏರಿಸಿ. ಮೇಲ್ಮೈ ಒಣಗಿದ್ದರೆ 0.9% ಉಪ್ಪುನೀರಿನಿಂದ ಒದ್ದೆ ಮಾಡಿ. ಮೂರು-ನಾಲ್ಕು ಸುತ್ತಿನಲ್ಲೂ ಒಂದು ತೇಪೆ ಕಡುಗೆಂಪಾಗಿ ಗಟ್ಟಿಯಾಗೇ ಉಳಿದರೆ ಅಲ್ಲಿ ರಕ್ತವೋ ಕೀವೋ ತುಂಬಿರಬಹುದು. ಅಂಗುಲದಷ್ಟು ಕತ್ತರಿಸಿ ನೀರಿಗೆ ಹಾಕಿ: ಆರೋಗ್ಯವಂತ ತುಂಡು ಕುಸಿದ ಮೇಲೂ ಒಳಗೆ ಉಳಿದ ಗಾಳಿಯಿಂದ ತೇಲುತ್ತದೆ, ತುಂಬಿಕೊಂಡದ್ದು ಮುಳುಗುತ್ತದೆ.