ಗಿಟಾರಿನಲ್ಲಿ ವೇಗದ ಮೀಟು: ಕೈ ಓಡುತ್ತದೆ, ತಂತಿ ದಾಟುವಲ್ಲಿ ಮುಗ್ಗರಿಸುತ್ತದೆ

ಶಿವಮೊಗ್ಗದಿಂದ ಪ್ರಶ್ನೆ:
ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೆಲವು ವರ್ಷಗಳಾದವು. ಗುರುಗಳಿಲ್ಲ, ನೋಡಿ ಕೇಳಿ ಕಲಿತದ್ದು. ಮೆಟ್ರೊನೋಮನ್ನು ನಿಮಿಷಕ್ಕೆ 110 ಬಡಿತಕ್ಕೆ ಇಟ್ಟರೆ, ಬಡಿತಕ್ಕೆ ನಾಲ್ಕು ಸ್ವರದಂತೆ ಸ್ಕೇಲ್ ನುಡಿಸಬಲ್ಲೆ. 120ಕ್ಕೆ ಏರಿಸಿದೊಡನೆ ಮುಂಗೈ ಬಿಗಿಯುತ್ತದೆ, ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ದಿನಕ್ಕೆ ಒಂದೆರಡು ಬಡಿತ ಏರಿಸುತ್ತ ಹೋಗು ಎಂಬ ಸಲಹೆ ಪಾಲಿಸಿ ಸಾಕಾಗಿದೆ. ಪಿಕ್ (ತಂತಿ ಮೀಟುವ ಬಿಲ್ಲೆ) ಬದಲಿಸಲೇ, ಗಿಟಾರನ್ನೇ ಬದಲಿಸಲೇ, ಇಲ್ಲ ನನ್ನ ಕೈಯ ಮಿತಿಯೇ ಇಷ್ಟೇ? ಅನುಭವವಿದ್ದವರು ತಿಳಿಸಿ.

ಬೆಂಗಳೂರಿನಿಂದ:
ಗಿಟಾರಿಗೆ ದುಡ್ಡು ಸುರಿಯಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ಎಡಗೈಯನ್ನು ತಂತಿಗಳ ಮೇಲೆ ಸುಮ್ಮನೆ ಇಟ್ಟು ಸದ್ದಡಗಿಸಿ, ಒಂದೇ ತಂತಿಯನ್ನು ಕೈಲಾದಷ್ಟು ವೇಗವಾಗಿ ಕೆಳಗೂ (ಡೌನ್‌ಸ್ಟ್ರೋಕ್) ಮೇಲೂ (ಅಪ್‌ಸ್ಟ್ರೋಕ್) ಮೀಟಿ. 120ಕ್ಕೆ ಬಡಿತಕ್ಕೆ ನಾಲ್ಕೆಂದರೆ ಸೆಕೆಂಡಿಗೆ 8 ಮೀಟು, 150ಕ್ಕೆ 10. ನಾನು ಪಾಠ ಹೇಳುವ ಹುಡುಗರಲ್ಲಿ ‘ನನ್ನ ಕೈ ನಿಧಾನ’ ಎಂದುಕೊಂಡು ಬಂದವರಲ್ಲಿ ಹೆಚ್ಚಿನವರು ಈ ಪರೀಕ್ಷೆಯಲ್ಲಿ 150ನ್ನು ಸಲೀಸಾಗಿ ದಾಟುತ್ತಾರೆ. ನೀವೂ ದಾಟಿದರೆ ತೊಡಕು ಕೈಯ ವೇಗದ್ದಲ್ಲ, ತಂತಿ ದಾಟುವುದರದ್ದು.

ಕಾರಣ ಸರಳ. ಪಿಕ್ ತಂತಿಗಳ ಸಮತಲದಲ್ಲೇ ಹಿಂದೆ ಮುಂದೆ ಓಡಾಡಿದರೆ ಪ್ರತಿ ಮೀಟಿನ ಕೊನೆಗೂ ಅದು ಎರಡು ತಂತಿಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಮುಂದಿನ ತಂತಿಗೆ ಹೋಗಲು ಎತ್ತಿ ಇಳಿಸಬೇಕು. ನಿಧಾನವಾಗಿ ನುಡಿಸುವಾಗ ಆ ಎತ್ತುವಿಕೆಗೆ ಸಮಯವಿರುತ್ತದೆ, ಆದ್ದರಿಂದ ಗೊತ್ತೇ ಆಗುವುದಿಲ್ಲ. 120ರಲ್ಲಿ ಸಮಯವಿಲ್ಲ, ತೋಳು ಗಾಬರಿಯಾಗಿ ಬಿಗಿಯುತ್ತದೆ. ಒಂದೊಂದೇ ಬಡಿತ ಏರಿಸುವ ಸಲಹೆ ಸೋಲುವುದು ಇದಕ್ಕೇ. ನಡಿಗೆಯನ್ನು ಎಷ್ಟು ಚುರುಕುಗೊಳಿಸಿದರೂ ಅದು ಓಟವಾಗುವುದಿಲ್ಲ.

ಪಿಕ್‌ನ ಹಿಡಿಯುವ ತುದಿಯನ್ನು ನೆಲದ ಕಡೆಗೆ ತುಸು ವಾಲಿಸಿ, ಮೀಟುವ ದಾರಿಯೂ ಅದೇ ಓರೆಯಲ್ಲಿರಲಿ. ಈಗ ಡೌನ್‌ಸ್ಟ್ರೋಕ್ ತಂತಿಗಳ ನಡುವೆ ಇಳಿಯುತ್ತದೆ, ಅಪ್‌ಸ್ಟ್ರೋಕ್ ತಾನಾಗಿಯೇ ತಂತಿಗಳ ಮೇಲಕ್ಕೆ ಎದ್ದು ಬರುತ್ತದೆ. ಅಂದರೆ ಅಪ್‌ಸ್ಟ್ರೋಕ್ ಆದ ಮೇಲೆ ಯಾವ ತಂತಿಗೆ ಬೇಕಾದರೂ ಹೋಗಬಹುದು. ಡೌನ್‌ಸ್ಟ್ರೋಕಿನಿಂದ ಆರಂಭಿಸಿ ತಂತಿಗೆ ಎರಡೋ ನಾಲ್ಕೋ ಸ್ವರ ನುಡಿಸಿದರೆ ಪ್ರತಿ ಬಾರಿಯೂ ಅಪ್‌ಸ್ಟ್ರೋಕಿನಲ್ಲೇ ಮುಗಿಯುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಸ್ವೀಡನ್ನಿನ ಗಿಟಾರ್ ವಾದಕ ಯಿಂಗ್ವಿ ಮಾಲ್ಮ್‌ಸ್ಟೀನ್ ನುಡಿಸುವ ಬಗೆಯ ಮೂಲದಲ್ಲಿ ಇದೇ ಇದೆ. ಗಿಟಾರಿಗೇ ಕ್ಯಾಮೆರಾ ಜೋಡಿಸಿ ವೇಗದ ವಾದಕರ ಕೈಯನ್ನು ಹತ್ತಿರದಿಂದ ಚಿತ್ರೀಕರಿಸಿದ ಅಮೆರಿಕದ ಟ್ರಾಯ್ ಗ್ರೇಡಿ ಇದನ್ನು ಬಿಡಿಸಿ ತೋರಿಸುವವರೆಗೆ ನಮ್ಮಲ್ಲಿ ಬಹಳ ಮಂದಿ ಮಾಲ್ಮ್‌ಸ್ಟೀನ್ ವೇಗವನ್ನು ದೈವದತ್ತವೆಂದೇ ನಂಬಿದ್ದೆವು.

ನೀವು ನುಡಿಸುತ್ತಿರುವುದು ಬಹುಶಃ ತಂತಿಗೆ ಮೂರು ಸ್ವರದ ಸ್ಕೇಲ್. ಅದೇ ಅತ್ಯಂತ ಕಷ್ಟದ್ದು. ಒಂದು ತಂತಿ ಡೌನ್‌ಸ್ಟ್ರೋಕಿನಲ್ಲಿ ಮುಗಿದರೆ ಮುಂದಿನದು ಅಪ್‌ಸ್ಟ್ರೋಕಿನಲ್ಲಿ ಮುಗಿಯುತ್ತದೆ, ಒಂದೇ ಓರೆ ಎರಡಕ್ಕೂ ಒದಗುವುದಿಲ್ಲ. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಹೋಗುವಾಗ ಕೊನೆಯ ಡೌನ್‌ಸ್ಟ್ರೋಕನ್ನು ನಿಲ್ಲಿಸದೆ ಮುಂದಿನ ತಂತಿಯ ಮೇಲೂ ಹಾಯಿಸಿ. ಹಿಂದಿರುಗುವಾಗ ಮೂರನೆಯ ಸ್ವರವನ್ನು ಮೀಟದೆ ಎಡಗೈ ಬೆರಳಿನಿಂದಲೇ ತಂತಿಯನ್ನು ಎಳೆದು ಬಿಟ್ಟು ನುಡಿಸಿ. ಮೋಸವೆನಿಸಿದರೆ ಅನಿಸಲಿ, ಕೇಳುವವರಿಗೆ ಗೊತ್ತಾಗುವುದಿಲ್ಲ.

ಧಾರವಾಡದಿಂದ:
ನಾನು ಸಿತಾರ್ ವಿದ್ಯಾರ್ಥಿ, ಗಿಟಾರ್ ಆಮೇಲೆ ಬಂದದ್ದು. ಮೇಲಿನವರು ಹೇಳಿದ್ದನ್ನು ಓದಿದಾಗ ನಮ್ಮ ವಾದ್ಯದ ಒಂದು ಅನುಕೂಲ ಹೊಳೆಯಿತು. ಸಿತಾರಿನಲ್ಲಿ ರಾಗದ ಬಹುಪಾಲು ಮುಖ್ಯವಾದ ಬಾಜ್ ತಂತಿಯೊಂದರ ಮೇಲೆಯೇ ನಡೆಯುತ್ತದೆ, ದಾಟುವ ಗೋಜಲು ಕಡಿಮೆ. ಅದಕ್ಕೇ ಬೆರಳಿಗೆ ತೊಟ್ಟು ಮೀಟುವ ಮಿಜ್ರಾಬಿನ ‘ದಾ’ ‘ರಾ’ ಎಂಬ ಎದುರುಬದುರು ಮೀಟುಗಳೆರಡನ್ನೂ ಸೇರಿಸಿ ‘ದಿರ್’ ಮಾಡುವುದರ ಮೇಲೆ ಮನಸ್ಸಿಡಲು ಬಿಡುವಿರುತ್ತದೆ. ಗಿಟಾರಿನಲ್ಲೂ ಸ್ವಲ್ಪ ಕಾಲ ಹಾಗೇ ಮಾಡಿ: ಇಡೀ ಸ್ಕೇಲನ್ನು ಒಂದೇ ತಂತಿಯ ಮೇಲೆ ಏರಿ ಇಳಿಸಿ. ಎರಡೂ ಮೀಟಿನ ತೂಕ ಸಮವಾಗಲಿ. ಆಮೇಲೆ ಎರಡು ತಂತಿ. ಆರೂ ತಂತಿಗೆ ಅವಸರವಿಲ್ಲ.

ಮೈಸೂರಿನಿಂದ:
ನಿಧಾನದ ಅಭ್ಯಾಸವನ್ನು ಇಷ್ಟೊಂದು ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ. ಬಲಗೈ ಓಡಿದರೆ ಸಾಕೇ? ಎಡಗೈ ಅದೇ ಕ್ಷಣಕ್ಕೆ ಬೀಳಬೇಕಲ್ಲ! ಸ್ವರಗಳು ಒಂದರ ಮೇಲೊಂದು ಬೀಳುತ್ತಿವೆ ಎಂದರೆ ಕೈಗಳ ಹೊಂದಾಣಿಕೆಯೂ ತಪ್ಪಿರಬಹುದು, ಅದು ಕಿವಿಗೆ ಬೀಳುವುದು ನಿಧಾನದಲ್ಲೇ. ಆದರೆ ನಿಧಾನದಿಂದ ವೇಗಕ್ಕೆ ಹೋಗುವ ದಾರಿ ಒಂದೊಂದು ಬಡಿತದ ಮೆಟ್ಟಿಲಲ್ಲ ಎನ್ನುವುದು ನಿಜ. ಕರ್ನಾಟಕ ಸಂಗೀತದ ಸರಳೆ ವರಸೆಯನ್ನು ಮೂರು ಕಾಲದಲ್ಲಿ ಕಲಿತವರಿಗೆ ಇದು ಹೊಸದೇನಲ್ಲ. ತಾಳ ಅದೇ, ಸ್ವರ ಮಾತ್ರ ಒಂದು, ಎರಡು, ನಾಲ್ಕು. ಮೆಟ್ರೊನೋಮ್ 80ಕ್ಕಿಟ್ಟು ಒಂದೇ ಪಲುಕನ್ನು ಹೀಗೆ ಮೂರು ಕಾಲದಲ್ಲಿ ನುಡಿಸಿ. ಮೂರನೆಯ ಕಾಲಕ್ಕೆ ಹಾರಿದಾಗ ಕೈ ತನ್ನ ಚಲನೆಯನ್ನೇ ಬದಲಿಸಿಕೊಳ್ಳುತ್ತದೆಯೇ ಎಂದು ಗಮನಿಸಿ. ಬದಲಿಸಿಕೊಂಡರೆ ಆ ಹೊಸ ಚಲನೆಯನ್ನೇ ಮೊದಲನೆಯ ಕಾಲಕ್ಕೂ ತನ್ನಿ.

ಇನ್ನೊಂದು: ಬಾಯಲ್ಲಿ ‘ತಕಧಿಮಿ’ ಹೇಳುತ್ತ ನುಡಿಸಿ, ‘ತ’ ಬಂದಲ್ಲಿ ಸ್ವಲ್ಪ ಒತ್ತಿ. ಎರಡೂ ಕೈಗಳು ಆ ಒತ್ತಿನಲ್ಲಿ ಭೇಟಿಯಾಗುತ್ತವೆ, ನಡುವಿನ ಮೂರು ಸ್ವರಗಳು ತಾವಾಗಿ ಜಾಗಕ್ಕೆ ಬೀಳುತ್ತವೆ. ಆಮೇಲೆ ‘ತದಿಗಿಣತೊಂ’. ಐದರಲ್ಲಿ ಒತ್ತು ಒಮ್ಮೆ ಡೌನ್‌ಸ್ಟ್ರೋಕಿಗೆ, ಮರುಸಲ ಅಪ್‌ಸ್ಟ್ರೋಕಿಗೆ ಬೀಳುವುದರಿಂದ ಮೀಟಿನ ಸೋಮಾರಿ ಪಕ್ಕ ಯಾವುದೆಂದು ಬಯಲಾಗುತ್ತದೆ. 1975ರ ಸುಮಾರಿಗೆ ‘ಶಕ್ತಿ’ ತಂಡದಲ್ಲಿ ವಿಕ್ಕು ವಿನಾಯಕರಾಮ್ ಅವರ ಘಟದ ಪಕ್ಕದಲ್ಲಿ ಕುಳಿತ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್ಲಾಲಿನ್ ಅವರಿಗೂ ಹೀಗೆ ಬಾಯಲ್ಲಿ ಲಯದ ಸೊಲ್ಲು ಹೇಳುವ ಕೊನ್ನಕ್ಕೋಲಿನ ರುಚಿ ಹತ್ತಿತ್ತು. ಪಿಕ್ ಹಿಡಿದವರಿಗೆ ನಮ್ಮ ಕಡೆಯ ದೊಡ್ಡ ಪಾಠವೆಂದರೆ ಮ್ಯಾಂಡೊಲಿನ್ ಯು. ಶ್ರೀನಿವಾಸ್. ವೇಗದಲ್ಲೂ ಗಮಕ ಅಳಿಸದ ಆ ಕೈ ಕೇಳಿ.

ಮಂಗಳೂರಿನಿಂದ:
ಬಿಗಿತ ಬೇರೆ, ನೋವು ಬೇರೆ. ನೋವು ಬಂದರೆ ಆ ದಿನಕ್ಕೆ ಗಿಟಾರ್ ಕೆಳಗಿಡಿ. ನುಡಿಸದಿರುವಾಗಲೂ ಮಣಿಕಟ್ಟು ನೋಯುತ್ತಿದ್ದರೆ ಫಿಸಿಯೊಥೆರಪಿಸ್ಟ್ ಬಳಿ ಹೋಗಿ. ನೋವು ನುಂಗಿ ಅಭ್ಯಾಸ ಮಾಡುವುದನ್ನು ಯಾರೂ ಸಾಧನೆ ಎನ್ನುವುದಿಲ್ಲ.

ಶಿವಮೊಗ್ಗದಿಂದ ಮತ್ತೆ:
ಪರೀಕ್ಷೆ ಮಾಡಿದೆ. ಒಂದೇ ತಂತಿಯಲ್ಲಿ 150 ಆರಾಮವಾಗಿ ಬರುತ್ತಿದೆ! ಎರಡು ತಂತಿಗೆ ಬಂದೊಡನೆ ಹಳೆಯ ಕಥೆ. ಹಾಗಾದರೆ ಪಿಕ್ ವಿಷಯ? ನನ್ನದು ತೆಳುವಾದದ್ದು, ಮನೆಯಲ್ಲಿ ಬೈಯುತ್ತಾರೆಂದು ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಹಾಕದೆ ನುಡಿಸುತ್ತೇನೆ.

ಬೆಂಗಳೂರಿನಿಂದ:
ತೆಳು ಪಿಕ್ ಬಾಗಿ ಹಿಂದಿರುಗುವಷ್ಟರಲ್ಲಿ ಸ್ವರ ತಡವಾಗುತ್ತದೆ. 1 ಮಿಲಿಮೀಟರಿಗಿಂತ ದಪ್ಪದ್ದು ತೆಗೆದುಕೊಳ್ಳಿ. ಡನ್‌ಲಪ್ ಕಂಪನಿಯ ಪುಟ್ಟ ಜಾಝ್ ತ್ರೀ 1.38 ಮಿಲಿಮೀಟರ್ ಇದೆ, ಹಲವರಿಗೆ ಒಗ್ಗುತ್ತದೆ. ತುದಿ ಸ್ವಲ್ಪವೇ ಹೊರಗಿರಲಿ. ಆಂಪ್ ಇಲ್ಲದ ಅಭ್ಯಾಸ ಮಾತ್ರ ನಿಲ್ಲಿಸಿ. ಸದ್ದು ಸಾಲದೆಂದು ಕೈ ತನಗೆ ತಿಳಿಯದೆಯೇ ಜೋರಾಗಿ ಹೊಡೆಯುತ್ತದೆ, ಅರ್ಧ ಬಿಗಿತ ಅಲ್ಲಿಂದಲೇ. ಹೆಡ್‌ಫೋನ್ ಸಿಕ್ಕಿಸುವ ಸಣ್ಣ ಆಂಪ್ ಸಾಕು. ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಇಲ್ಲದೆ ಶುರುಮಾಡಿ, ಮೀಟಿನ ಏರುಪೇರು ಡಿಸ್ಟಾರ್ಶನ್‌ನಲ್ಲಿ ಅಡಗಿಹೋಗುತ್ತದೆ. ಕೊನೆಗೆ ಹತ್ತು ನಿಮಿಷ ಹಾಕಿಕೊಂಡು ನುಡಿಸಿ, ಮೀಟದ ತಂತಿಗಳ ಗಲಾಟೆಯನ್ನು ಅಂಗೈಯ ಅಂಚಿನಿಂದ ಅದುಮುವುದೂ ಕಲಿಯಬೇಕಲ್ಲ.